ಮುಕ್ತ ಆಪರೇಟಿಂಗ್ ಸಿಸ್ಟಂಗಳಲ್ಲಿ ವಿದ್ಯಾರ್ಥಿಗಳ ಕರ್ತೃತ್ವ: ಹಾಸನ ಸೀಮೆಯ ದೃಷ್ಟಿಯಿಂದ ಒಂದು ಪರಿಶೀಲನೆ

ಮಹತ್ಕಾರ್ಯಗಳ ಕರ್ತೃಗಳಾಗಿ ಅರಸರೂ ದಂಡನಾಯಕರೂ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವಷ್ಟು ಸುಲಭವಾಗಿ, ಆ ಕಾರ್ಯಗಳನ್ನು ಕೈಯಾರೆ ಮಾಡಿದವರು ಕಾಣಿಸಿಕೊಳ್ಳುವುದಿಲ್ಲ. ಅವರಲ್ಲಿಯೂ, ಕೆಲಸವನ್ನು ಕಲಿಯುತ್ತಲೇ ಕೆಲಸ ಮಾಡಿದ ಎಳೆಯರ ಹೆಸರು ಉಳಿದುಬರುವುದು ಇನ್ನೂ ಅಪೂರ್ವ. ಈ ಸಾಮಾನ್ಯ ನಿಯಮಕ್ಕೆ ನಮ್ಮ ಕಾಲದಲ್ಲಿ ಒಂದು ದೊಡ್ಡ ಅಪವಾದವಿದೆ. ಜಗತ್ತಿನ ಬಹುಪಾಲು ಸರ್ವರುಗಳನ್ನೂ ಕೋಟ್ಯಂತರ ಆಂಡ್ರಾಯ್ಡ್ ಫೋನುಗಳನ್ನೂ ಇಂದು ನಡೆಸುತ್ತಿರುವ ಲಿನಕ್ಸ್ ಎಂಬ ವ್ಯವಸ್ಥೆ ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಕೈಯಲ್ಲಿ. ಅದು ಬೆಳೆದದ್ದರಲ್ಲಿಯೂ ವಿದ್ಯಾರ್ಥಿಗಳ ಪಾಲು ಚಿಕ್ಕದಲ್ಲ. ಮೇಲಾಗಿ, ಯಾರು ಯಾವ ದಿನ ಯಾವ ಸಾಲನ್ನು ಬರೆದರು ಎಂಬ ದಾಖಲೆ ಅದರಲ್ಲಿಯೇ ಉಳಿದಿದೆ.

ಗಣಕಯಂತ್ರದ ಬಿಡಿಭಾಗಗಳನ್ನು ಒಂದು ಆಡಳಿತಕ್ಕೆ ಒಳಪಡಿಸಿ, ಇತರ ತಂತ್ರಾಂಶಗಳಿಗೆ ಬೇಕಾದ ಕಾಲವನ್ನೂ ಸ್ಥಳವನ್ನೂ ಹಂಚಿಕೊಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಮನುಷ್ಯರು ಓದಬಲ್ಲ ರೂಪದಲ್ಲಿ ಅದನ್ನು ಬರೆದಿಟ್ಟ ಪಾಠವೇ ಸೋರ್ಸ್ ಕೋಡ್. ಈ ಲೇಖನದಲ್ಲಿ ಅದನ್ನು ಮೂಲಸಂಕೇತವೆಂದು ಕರೆಯಲಾಗಿದೆ. ಅದನ್ನು ಓದಲು, ತಿದ್ದಲು, ತಿದ್ದಿದ್ದನ್ನು ಹಂಚಲು ಎಲ್ಲರಿಗೂ ಅನುಮತಿಯಿದ್ದಲ್ಲಿ ಆ ವ್ಯವಸ್ಥೆ ಮುಕ್ತವೆನಿಸುತ್ತದೆ. ಇಂತಹ ಕಾರ್ಯಕ್ಕೆ ವಿದ್ಯಾರ್ಥಿಯೊಬ್ಬನು ಹೇಗೆ ಕಾಲಿಡುತ್ತಾನೆ, ಆ ಪ್ರವೇಶವನ್ನು ಸಾಧ್ಯವಾಗಿಸಿದ ಚಾರಿತ್ರಿಕ ಕಾರಣಗಳೇನು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳಿಗೆ ಇದರಿಂದ ಒದಗುವ ಪಾಠವೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ನುಗ್ಗೆಹಳ್ಳಿಯ ಸಾಕ್ಷ್ಯ

ವಿಷಯ ಹೊಸದಾದರೂ ಅದರ ಒಂದು ಮುಖ್ಯ ಲಕ್ಷಣ ನಮ್ಮ ಸೀಮೆಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೆಹಳ್ಳಿಯಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯವನ್ನು ಕ್ರಿ.ಶ. 1246ರಲ್ಲಿ, ಹೊಯ್ಸಳ ವೀರಸೋಮೇಶ್ವರನ ಆಳ್ವಿಕೆಯಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಕಟ್ಟಿಸಿದವನ ಹೆಸರು ಉಳಿದುಬರುವುದು ಸಹಜ. ಆದರೆ ಇಲ್ಲಿ ಕಡೆದವರ ಹೆಸರೂ ವಿಗ್ರಹಗಳ ಪೀಠದ ಮೇಲಿನ ಬರಹಗಳಿಂದ ತಿಳಿದುಬರುತ್ತದೆ. ದಕ್ಷಿಣ ಭಾಗದಲ್ಲಿ ನಂದಿಯ ಬೈಚೋಜನ ಕೈಯನ್ನೂ ಉತ್ತರ ಭಾಗದಲ್ಲಿ ಮಲ್ಲಿತಮ್ಮನ ಕೈಯನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಒಂದರ ಶೈಲಿ ಶಾಂತವೂ ನಯವೂ ಆದದ್ದು; ಇನ್ನೊಂದರದು ಚಲನೆ ತುಂಬಿದ, ಆದರೆ ಅಷ್ಟೊಂದು ನಯಗೊಳಿಸದ ಶೈಲಿ. ದೇವಾಲಯ ಒಂದೇ, ಕೈಗಳು ಎರಡು, ಎರಡಕ್ಕೂ ಸಹಿಯುಂಟು. ಇದಕ್ಕೂ ಹಿಂದೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಗಳ ಕೆಳಗೆ ತಮ್ಮ ಹೆಸರನ್ನು ಬರೆಯಿಸಿದ್ದಾರೆ. ಅಲ್ಲಿ ತಂದೆಯ ಸಹಿಯೂ ಮಗನ ಸಹಿಯೂ ಒಂದೇ ದೇವಾಲಯದಲ್ಲಿ ದೊರೆಯುವುದು ಗಮನಾರ್ಹ.

ಮಲ್ಲಿತಮ್ಮನ ಹೆಸರಿನ ಚರಿತ್ರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಕ್ರಿ.ಶ. 1196ರಲ್ಲಿ ಕಟ್ಟಿದ ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ, ಮಂಟಪದ ಒಳಮಾಳಿಗೆಯ ಗುಮ್ಮಟಾಕಾರದ ಚಿಕ್ಕ ಅಂಕಣಗಳ ಕೆಲಸದಿಂದ ಅವನು ತನ್ನ ವೃತ್ತಿಯನ್ನು ಆರಂಭಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಮುಂದೆ ಹಾರನಹಳ್ಳಿ, ನುಗ್ಗೆಹಳ್ಳಿ, ಕೊನೆಗೆ ಸೋಮನಾಥಪುರದವರೆಗೆ ಆ ಹೆಸರು ನಡೆದುಬಂದಿದೆ. ಒಟ್ಟು ಕಟ್ಟಡದ ನಕ್ಷೆಯನ್ನು ಹೊಸಬನ ಕೈಗೆ ಯಾರೂ ಕೊಡುವುದಿಲ್ಲ. ಅಳತೆ ಗೊತ್ತಿರುವ, ತಪ್ಪಾದರೆ ಬೇರೊಬ್ಬರು ಸರಿಪಡಿಸಬಹುದಾದ ಚಿಕ್ಕ ಭಾಗವನ್ನು ಕೊಡುತ್ತಾರೆ. ಸಾಮುದಾಯಿಕ ನಿರ್ಮಾಣಕ್ಕೆ ಪ್ರವೇಶಿಸುವ ಕ್ರಮ ಇದು. ಚಿಕ್ಕ ಕೆಲಸ, ಹಿರಿಯರ ಪರೀಕ್ಷೆ, ತನ್ನ ಹೆಸರಿನ ಹೊಣೆ ಎಂಬ ಈ ಮೂರು ಅಂಗಗಳು ಮುಂದೆ ಹೇಳಲಿರುವ ಚರಿತ್ರೆಯಲ್ಲಿಯೂ ಕಂಡುಬರುತ್ತವೆ.

2. ಪಾಠ ತೆರೆದಿದ್ದ ಕಾಲ, ಮುಚ್ಚಿದ ಕಾಲ

ಇಂದಿನ ಮುಕ್ತ ವ್ಯವಸ್ಥೆಗಳ ಮೂಲಪುರುಷನೆನ್ನಬಹುದಾದ ಯುನಿಕ್ಸ್, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬುವರಿಂದ ಆರಂಭವಾಯಿತು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಪುನಃ ಬರೆಯಲಾಯಿತು. ಆ ಪ್ರಯೋಗಾಲಯದ ಒಡೆಯನಾದ ದೂರವಾಣಿ ಸಂಸ್ಥೆ ಎಟಿ ಅಂಡ್ ಟಿ, 1956ರ ನ್ಯಾಯಾಲಯದ ಒಪ್ಪಂದದಂತೆ, ದೂರವಾಣಿಯ ಹೊರತು ಬೇರೆ ವ್ಯಾಪಾರ ಮಾಡುವಂತಿರಲಿಲ್ಲ. ಈ ನಿರ್ಬಂಧದ ಫಲವಾಗಿ ಯುನಿಕ್ಸಿನ ಮೂಲಸಂಕೇತವು ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾನಿಲಯಗಳಿಗೆ ದೊರೆಯಿತು. ವ್ಯಾಪಾರಕ್ಕೆ ಒಡ್ಡಿದ ಅಡ್ಡಿ ವಿದ್ಯೆಗೆ ಬಾಗಿಲಾಯಿತೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಈ ಬಾಗಿಲಿನಿಂದ ಒಳಹೊಕ್ಕವರು ವಿದ್ಯಾರ್ಥಿಗಳು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್, ಯುನಿಕ್ಸಿಗೆ ತಾನೂ ಜೊತೆಗಾರರೂ ಮಾಡಿದ ತಿದ್ದುಪಡಿಗಳನ್ನು ಒಟ್ಟುಗೂಡಿಸಿ, 1978ರಲ್ಲಿ ಟೇಪಿನ ಮೇಲೆ ಇತರ ವಿದ್ಯಾಸಂಸ್ಥೆಗಳಿಗೆ ಕಳುಹಿಸಿದನು. ಬಿಎಸ್‌ಡಿ ಎಂಬ ಪರಂಪರೆಯ ಆರಂಭ ಅದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜಾನ್ ಲಯನ್ಸ್, ಯುನಿಕ್ಸಿನ ಆರನೆಯ ಆವೃತ್ತಿಯ ಮೂಲಸಂಕೇತಕ್ಕೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು, ತನ್ನ ವಿದ್ಯಾರ್ಥಿಗಳಿಗೆ ಪಾಠ ಹೇಳಿದನು. ಮೂಲಗ್ರಂಥವನ್ನೂ ಟೀಕೆಯನ್ನೂ ಜೊತೆಯಲ್ಲಿರಿಸಿಕೊಂಡು ಓದುವ ನಮ್ಮ ಪಾಠಪದ್ಧತಿಯನ್ನು ಬಲ್ಲವರಿಗೆ ಇದರ ಸಾರ್ಥಕ್ಯವನ್ನು ವಿವರಿಸಬೇಕಾಗಿಲ್ಲ.

1979ರಲ್ಲಿ ಏಳನೆಯ ಆವೃತ್ತಿಯೊಡನೆ ಪರಿಸ್ಥಿತಿ ಬದಲಾಯಿತು. ಹೊಸ ಕರಾರು ಮೂಲಸಂಕೇತವನ್ನು ತರಗತಿಯಲ್ಲಿ ಪಾಠಮಾಡುವುದನ್ನು ನಿಷೇಧಿಸಿತು. ಲಯನ್ಸನ ವ್ಯಾಖ್ಯಾನ ಬಹುಕಾಲ ನೆರಳಚ್ಚಿನ ಪ್ರತಿಗಳಲ್ಲಿ ಗುಟ್ಟಾಗಿ ಕೈಯಿಂದ ಕೈಗೆ ಹೋಗುತ್ತಿದ್ದು, 1996ರಲ್ಲಿ ಮಾತ್ರ ಬಹಿರಂಗವಾಗಿ ಪ್ರಕಟವಾಯಿತು. ಅಧ್ಯಾಪಕರ ಮುಂದೆ ಎರಡು ದಾರಿಗಳು ಉಳಿದವು: ತತ್ತ್ವವನ್ನಷ್ಟೇ ಬೋಧಿಸುವುದು, ಇಲ್ಲವೇ ಬೋಧನೆಗಾಗಿ ಹೊಸತೊಂದನ್ನು ಬರೆಯುವುದು. ಆಮ್‌ಸ್ಟರ್‌ಡ್ಯಾಮಿನ ಅಧ್ಯಾಪಕ ಆಂಡ್ರೂ ಟನೆನ್‌ಬಾಮ್ ಎರಡನೆಯ ದಾರಿಯನ್ನು ಹಿಡಿದನು. 1987ರಲ್ಲಿ ಅವನ ಪಠ್ಯಪುಸ್ತಕದೊಡನೆ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆ, ಅದರ ಮೂಲಸಂಕೇತದ ಸಮೇತ, ಹೊರಬಂದಿತು. ಇದಕ್ಕೂ ಮೊದಲೇ, 1983ರ ಸೆಪ್ಟೆಂಬರಿನಲ್ಲಿ, ರಿಚರ್ಡ್ ಸ್ಟಾಲ್ಮನ್ ಸಂಪೂರ್ಣವಾಗಿ ಮುಕ್ತವಾದ ಗ್ನೂ ಎಂಬ ವ್ಯವಸ್ಥೆಯನ್ನು ಕಟ್ಟುವುದಾಗಿ ಘೋಷಿಸಿದ್ದನು; 1989ರಲ್ಲಿ ಅವನು ರೂಪಿಸಿದ ಜಿಪಿಎಲ್ ಎಂಬ ಪರವಾನಗಿ, ತಿದ್ದಿ ಹಂಚಿದವರು ತಮ್ಮ ತಿದ್ದುಪಡಿಯನ್ನೂ ಅದೇ ಸ್ವಾತಂತ್ರ್ಯದೊಡನೆ ಹಂಚಬೇಕೆಂದು ವಿಧಿಸಿತು.

3. ಹೆಲ್ಸಿಂಕಿಯ ವಿದ್ಯಾರ್ಥಿ

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಲಿನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಮನ್ನು ಬರೆಯುತ್ತಿರುವುದಾಗಿ ಮಿನಿಕ್ಸ್ ಬಳಸುವವರ ಬಳಗಕ್ಕೆ ತಿಳಿಸಿದನು. ಆಗ ಅವನ ವಯಸ್ಸು 21. ಮುಂದಿನ ತಿಂಗಳು ಹೊರಬಂದ ಮೊದಲ ಪ್ರತಿಯಲ್ಲಿ ಇದ್ದದ್ದು ಸುಮಾರು 10,000 ಸಾಲು. ಇಂದಿನ ಲಿನಕ್ಸಿನಲ್ಲಿ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. ಅವನು ಆಪರೇಟಿಂಗ್ ಸಿಸ್ಟಂಗಳನ್ನು ಕಲಿತದ್ದು ಟನೆನ್‌ಬಾಮನ ಪುಸ್ತಕದಿಂದ. ಹೀಗೆ, ಪಾಠ ಮುಚ್ಚಿದ್ದರಿಂದ ಪಾಠಕ್ಕಾಗಿಯೇ ಬರೆದ ಕೃತಿ ಹುಟ್ಟಿತು. ಆ ಕೃತಿಯ ಓದಿನಿಂದ ಅದನ್ನೂ ಮೀರಿದ ಕೃತಿ ಹುಟ್ಟಿತು.

ಮಿನಿಕ್ಸ್ ಬೆಳೆಯದೆ ಲಿನಕ್ಸ್ ಬೆಳೆದದ್ದೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1992ರ ಜನವರಿಯಲ್ಲಿ ಟನೆನ್‌ಬಾಮನು ಲಿನಕ್ಸಿನ ರಚನಾಕ್ರಮ ಹಳತಾದುದೆಂದು ಬಹಿರಂಗವಾಗಿ ಟೀಕಿಸಿದನು. ಶುದ್ಧ ತತ್ತ್ವದ ದೃಷ್ಟಿಯಿಂದ ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಅವನು ಮಿನಿಕ್ಸನ್ನು ತರಗತಿಗೆ ತಕ್ಕಷ್ಟು ಚಿಕ್ಕದಾಗಿಯೇ ಉಳಿಸಬಯಸಿ, ಓದುಗರು ಕಳುಹಿಸಿದ ಸೇರ್ಪಡೆಗಳನ್ನು ಬಹುಮಟ್ಟಿಗೆ ಸ್ವೀಕರಿಸುತ್ತಿರಲಿಲ್ಲ. ಅದನ್ನು ಇಚ್ಛೆ ಬಂದಂತೆ ಹಂಚಲೂ ಆಗ ಅನುಮತಿಯಿರಲಿಲ್ಲ. ಟೊರ್ವಾಲ್ಡ್ಸನು ಬಂದ ತಿದ್ದುಪಡಿಗಳನ್ನು ಪರೀಕ್ಷಿಸಿ ಸೇರಿಸಿಕೊಂಡನು. 1992ರಲ್ಲಿ ಇಡೀ ಕೃತಿಯನ್ನು ಜಿಪಿಎಲ್ ಪರವಾನಗಿಗೆ ಒಪ್ಪಿಸಿದನು. ಅಂದರೆ, ಓದಲು ತೆರೆದಿರುವುದಷ್ಟೇ ಸಾಲದು, ತಿದ್ದಲೂ ತೆರೆದಿರಬೇಕು. ತಿದ್ದಿದ್ದನ್ನು ಕೈನೀಡಿ ಸ್ವೀಕರಿಸುವವರೂ ಇರಬೇಕು. 1993ರ ಆಗಸ್ಟ್ 16ರಂದು ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ಸಂಕಲನವೂ ಇದೇ ತತ್ತ್ವದ ಮೇಲೆ, ನೂರಾರು ಸ್ವಯಂಸೇವಕರಿಂದ, ಇಂದಿಗೂ ನಡೆದುಬರುತ್ತಿದೆ.

4. ಸಹಿ ಮತ್ತು ಪರೀಕ್ಷೆ

ಈಗ ಪ್ರವೇಶದ ಕ್ರಮವನ್ನು ನೋಡಬಹುದು. ಲಿನಕ್ಸಿನ ತಿರುಳಿಗೆ, ಅಂದರೆ ಕರ್ನೆಲ್ಲಿಗೆ, ತಿದ್ದುಪಡಿ ಕಳುಹಿಸಲು ಪದವಿಯಾಗಲಿ ಶುಲ್ಕವಾಗಲಿ ಬೇಕಿಲ್ಲ. ಆದರೆ ಶಿಸ್ತು ಬೇಕು. ವಿದ್ಯಾರ್ಥಿಯು ಮೊದಲು ಆ ವ್ಯವಸ್ಥೆಯನ್ನು ತನ್ನ ಯಂತ್ರದಲ್ಲಿ ಸ್ಥಾಪಿಸಿ ಬಳಸಬೇಕು. ಮೂಲಸಂಕೇತವನ್ನು ಇಳಿಸಿಕೊಂಡು, ತಾನೇ ಕಂಪೈಲ್ ಮಾಡಿ, ಅದರಿಂದಲೇ ಯಂತ್ರವನ್ನು ನಡೆಸಿ ನೋಡಬೇಕು. ಸಿ ಭಾಷೆಯ ಸಾಮಾನ್ಯ ಪರಿಚಯವಿರಬೇಕು. ಇನ್ನೂ ಪಕ್ವವಾಗದ ಡ್ರೈವರುಗಳಿಗಾಗಿ 2008ರಿಂದ ಕರ್ನೆಲ್ಲಿನಲ್ಲಿ ಸ್ಟೇಜಿಂಗ್ ಎಂಬ ಒಂದು ಪ್ರತ್ಯೇಕ ವಿಭಾಗವಿದೆ. ಬರಹದ ಶೈಲಿಯ ದೋಷಗಳನ್ನು ತೋರಿಸಿಕೊಡುವ ಚೆಕ್‌ಪ್ಯಾಚ್ ಎಂಬ ಉಪಕರಣದ ನೆರವಿನಿಂದ ಹೊಸಬರು ಅಲ್ಲಿ ಚಿಕ್ಕ ತಿದ್ದುಪಡಿಗಳನ್ನು ಮಾಡಿ ಕೈಪಳಗಿಸಿಕೊಳ್ಳುವುದು ವಾಡಿಕೆ. ಅಮೃತಾಪುರದ ಒಳಮಾಳಿಗೆಯ ಅಂಕಣಗಳಂತೆ ಇವು ಕಲಿಯುವವರಿಗೆ ತಕ್ಕ ಸ್ಥಳಗಳು.

ತಿದ್ದುಪಡಿಗೆ ಪ್ಯಾಚ್ ಎಂದು ಹೆಸರು. ಒಂದು ಪ್ಯಾಚಿನಲ್ಲಿ ಒಂದೇ ಬದಲಾವಣೆಯಿರಬೇಕು. ಏನನ್ನು ಬದಲಿಸಿದೆ ಎಂಬುದಕ್ಕಿಂತ ಏಕೆ ಬದಲಿಸಿದೆ ಎಂಬುದನ್ನು ಅದರೊಡನೆ ವಿವರಿಸಬೇಕು. ಆ ಭಾಗದ ಮೇಲ್ವಿಚಾರಕರು ಯಾರೆಂಬುದನ್ನು ಅದಕ್ಕೆಂದೇ ಇರುವ ಉಪಕರಣದಿಂದ ತಿಳಿದು, ಸರಳ ಅಕ್ಷರಗಳ ಇಮೇಲಿನಲ್ಲಿ ಅವರಿಗೂ ಸಂಬಂಧಪಟ್ಟ ಬಳಗಕ್ಕೂ ಕಳುಹಿಸಬೇಕು. ಉತ್ತರ ಬರುವುದಕ್ಕೆ ದಿನಗಳೋ ವಾರಗಳೋ ಹಿಡಿಯಬಹುದು. ಬಂದ ಉತ್ತರ ಬಹುಶಃ ಆಕ್ಷೇಪಗಳ ಪಟ್ಟಿಯೇ ಆಗಿರುತ್ತದೆ. ಅದಕ್ಕೆ ಕುಗ್ಗದೆ, ತಿದ್ದಿ, ಎರಡನೆಯ ಆವೃತ್ತಿ, ಮೂರನೆಯ ಆವೃತ್ತಿ ಎಂದು ಗುರುತುಹಾಕಿ ಮತ್ತೆ ಕಳುಹಿಸಬೇಕು. ಪ್ರೌಢಪ್ರಬಂಧದ ಕರಡನ್ನು ಮಾರ್ಗದರ್ಶಕರು ತಿದ್ದಿಕೊಡುವುದಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಆಕ್ಷೇಪವೂ ಉತ್ತರವೂ ಬಹಿರಂಗವಾಗಿ, ಎಲ್ಲರೂ ಓದುವಂತೆ ಉಳಿಯುತ್ತವೆ.

2004ರಿಂದ ಪ್ರತಿಯೊಂದು ಪ್ಯಾಚಿನ ಕೊನೆಯಲ್ಲಿ ಸೈನ್ಡ್-ಆಫ್-ಬೈ ಎಂಬ ಸಾಲು ಕಡ್ಡಾಯವಾಗಿದೆ. ಈ ಕೆಲಸ ತನ್ನದು, ಅಥವಾ ಇದನ್ನು ಕೊಡುವ ಹಕ್ಕು ತನಗಿದೆ, ಎಂದು ಬರೆದವರು ತಮ್ಮ ಹೆಸರಿನೊಡನೆ ಪ್ರಮಾಣೀಕರಿಸುವ ಸಾಲು ಅದು. ಅನಂತರ ಅದನ್ನು ಮುಂದಕ್ಕೆ ಸಾಗಿಸಿದ ಮೇಲ್ವಿಚಾರಕರ ಸಹಿಗಳು ಒಂದರ ಕೆಳಗೊಂದು ಸೇರುತ್ತವೆ. 2005ರಲ್ಲಿ ಟೊರ್ವಾಲ್ಡ್ಸನೇ ಬರೆದ ಗಿಟ್ ಎಂಬ ಉಪಕರಣ ಈ ಎಲ್ಲವನ್ನೂ ಕಾಲಕ್ರಮದಲ್ಲಿ ಕಾಪಾಡುತ್ತದೆ. ಶಾಸನಗಳಲ್ಲಿ ಕಾಲ, ದಾನಿ, ಬರೆದವನು, ಕಂಡರಿಸಿದವನು ಎಂದು ವಿಂಗಡಿಸಿ ಓದುವ ಅಭ್ಯಾಸವಿರುವ ಚರಿತ್ರೆಯ ವಿದ್ಯಾರ್ಥಿಗೆ ಈ ದಾಖಲೆ ಅಪರಿಚಿತವೆನಿಸದು. ನಮ್ಮ ಕಾಲದ ಶ್ರಮಚರಿತ್ರೆಗೆ ಇದಕ್ಕಿಂತ ನಿಖರವಾದ ಆಕರಗಳು ವಿರಳ.

ಸಹಿ ಇರುವಲ್ಲಿ ಹೊಣೆಯೂ ಇದೆ. 2021ರ ಏಪ್ರಿಲಿನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು ಪರೀಕ್ಷಾಕ್ರಮವನ್ನು ಅಳೆಯುವ ನೆಪದಲ್ಲಿ ದೋಷಪೂರಿತ ಪ್ಯಾಚುಗಳನ್ನು ಉದ್ದೇಶಪೂರ್ವಕವಾಗಿ ಕಳುಹಿಸಿದ್ದರೆಂಬ ಕಾರಣದಿಂದ, ಆ ಸಂಸ್ಥೆಯಿಂದ ಬರುವ ತಿದ್ದುಪಡಿಗಳನ್ನೇ ಕರ್ನೆಲ್ಲಿನ ಮೇಲ್ವಿಚಾರಕರು ನಿಲ್ಲಿಸಿ, ಹಿಂದೆ ಬಂದವನ್ನೂ ಮರುಪರೀಕ್ಷೆಗೆ ಒಳಪಡಿಸಿದರು. ಕೆಲವರ ನಡೆಯಿಂದ ಇಡೀ ಸಂಸ್ಥೆಯ ಹೆಸರಿಗೆ ಧಕ್ಕೆ ತಗಲಿತು. ಇದಕ್ಕೆ ಹಿಂದಿನ ವರ್ಷ, 2020ರಲ್ಲಿ, ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಕಾರ್ಯಕ್ರಮದಲ್ಲಿ ಬಹುಮಾನದ ಟೀ-ಶರ್ಟಿನ ಆಸೆಗೆ ಅರ್ಥವಿಲ್ಲದ ತಿದ್ದುಪಡಿಗಳು ಪ್ರವಾಹದಂತೆ ಬಂದು, ವ್ಯವಸ್ಥಾಪಕರು ನಿಯಮವನ್ನೇ ಬದಲಿಸಬೇಕಾಯಿತು. ಪ್ರಮಾಣಪತ್ರಕ್ಕಾಗಿ ಮಾಡುವ ಕೆಲಸಕ್ಕೂ ಕೆಲಸಕ್ಕಾಗಿ ಮಾಡುವ ಕೆಲಸಕ್ಕೂ ಇರುವ ಅಂತರವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿಕೊಡುವುದು ಲೇಸು.

5. ಕನ್ನಡದ ಬಾಗಿಲು

ಸಿ ಭಾಷೆಯನ್ನು ಅರಿಯದವರಿಗೆ ಈ ಕಾರ್ಯದಲ್ಲಿ ಸ್ಥಳವಿಲ್ಲವೆಂದು ಭಾವಿಸುವುದು ಸರಿಯಲ್ಲ. ಆಪರೇಟಿಂಗ್ ಸಿಸ್ಟಂ ಬಳಸುವವರೊಡನೆ ಮಾತನಾಡಬೇಕಾದರೆ ಅದಕ್ಕೊಂದು ಭಾಷೆ ಬೇಕು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಅನಂತರ ಗ್ನೋಮ್, ಕೆಡಿಇ ಮುಂತಾದ ಮುಕ್ತ ಪರಿಸರಗಳು ಕನ್ನಡಕ್ಕೆ ಅನುವಾದಗೊಂಡವು. 2011ರಲ್ಲಿ ಹೊರಬಂದ ಡೆಬಿಯನ್ನಿನ ಆರನೆಯ ಆವೃತ್ತಿಯಲ್ಲಿ, ಚಿತ್ರರೂಪದ ಸ್ಥಾಪಕಕ್ಕೆ ಕನ್ನಡ ಸೇರಿತು. ಅಕ್ಷರರೂಪದ ಸ್ಥಾಪಕದಲ್ಲಿ ಅದು ಸಾಧ್ಯವಾಗದಿರುವುದಕ್ಕೆ ಕಾರಣ ನಮ್ಮ ಲಿಪಿಯ ಸ್ವಭಾವ: ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಹಳೆಯ ತೆರೆಯ ಕ್ರಮಕ್ಕೆ ಒತ್ತಕ್ಷರಗಳು ಹೊಂದುವುದಿಲ್ಲ.

ಇದಕ್ಕೊಂದು ಉದಾಹರಣೆ: ಕರ್ನಾಟಕ ಎಂಬ ಪದದಲ್ಲಿ ರಕಾರದ ಉಚ್ಚಾರಣೆ ಮೊದಲು, ನಾ ಎಂಬುದರ ಉಚ್ಚಾರಣೆ ಅನಂತರ. ಯಂತ್ರದಲ್ಲಿಯೂ ಸಂಕೇತಗಳು ಇದೇ ಅನುಕ್ರಮದಲ್ಲಿ ಶೇಖರವಾಗುತ್ತವೆ. ಆದರೆ ಬರೆಯುವಾಗ ಅರ್ಕಾವೊತ್ತು ನಾ ಎಂಬುದರ ಬಲಗಡೆಗೆ ಬರುತ್ತದೆ. ಈ ಸ್ಥಾನಪಲ್ಲಟವನ್ನು ತಂತ್ರಾಂಶ ಮಾಡಿಕೊಡಬೇಕು. ಅಕ್ಷರಶೈಲಿಯೂ ಅದಕ್ಕೆ ಅನುಕೂಲವಾಗಿರಬೇಕು. ಎಲ್ಲಿಯಾದರೂ ಅದು ತಪ್ಪಿದರೆ, ದೂರದೇಶದ ನುರಿತ ತಂತ್ರಜ್ಞನ ಕಣ್ಣಿಗೆ ಅದು ತಪ್ಪೆಂದೇ ಕಾಣದು; ಅರಕಲಗೂಡಿನ ಮೊದಲ ವರ್ಷದ ವಿದ್ಯಾರ್ಥಿನಿಗೆ ನೋಡಿದೊಡನೆ ಕಾಣುತ್ತದೆ. ಯಾವ ಆವೃತ್ತಿ, ಯಾವ ಅಕ್ಷರಶೈಲಿ, ಏನನ್ನು ಬರೆದಾಗ ಏನು ಕಂಡಿತು, ಏನು ಕಾಣಬೇಕಾಗಿತ್ತು ಎಂದು ಕ್ರಮವಾಗಿ ಬರೆದು, ಚಿತ್ರದೊಡನೆ ಕಳುಹಿಸಿದ ಒಂದು ದೋಷವರದಿ, ಸಾಲು ಬರೆದಷ್ಟೇ ಬೆಲೆಯುಳ್ಳ ಕೊಡುಗೆ.

ಪದಗಳ ಆಯ್ಕೆಯಲ್ಲಂತೂ ಚರಿತ್ರೆಯ ವಿದ್ಯಾರ್ಥಿಗಳಿಗೇ ವಿಶೇಷ ಅಧಿಕಾರವುಂಟು. ಫೈಲ್ ಎಂಬುದಕ್ಕೆ ಕನ್ನಡದ ಅನುವಾದಕರು ಕಡತ ಎಂಬ ಪದವನ್ನು ಬಳಸಿದ್ದಾರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಪ್ರಸಿದ್ಧವಾದ ಆಕರಗಳು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದ ಆ ವಸ್ತುವಿನ ಹೆಸರು, ಮೊದಲು ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೆ ಸಂದು, ಈಗ ಯಂತ್ರದೊಳಗಿನ ಬರಹಕ್ಕೆ ಸಂದಿದೆ. ಇದು ಹೊಂದಿಕೆಯಾದ ಅನುವಾದ. ಆದರೆ ಎಲ್ಲ ಅನುವಾದಗಳೂ ಹೀಗಿಲ್ಲ. ಪಾಸ್‌ವರ್ಡಿಗೆ ಗುಪ್ತಪದ, ಇನ್‌ಸ್ಟಾಲ್ ಮಾಡುವುದಕ್ಕೆ ಅನುಸ್ಥಾಪನೆ, ಡೆಸ್ಕ್‌ಟಾಪಿಗೆ ಗಣಕತೆರೆ ಎಂಬ ಪದಗಳಲ್ಲಿ ಯಾವುವು ಜನರ ನಾಲಗೆಯ ಮೇಲೆ ನಿಂತಿವೆ, ಯಾವುವು ತೆರೆಯ ಮೇಲೆ ಮಾತ್ರ ಉಳಿದಿವೆ ಎಂಬುದನ್ನು ಪರಿಶೀಲಿಸಿ, ಕಾರಣಸಹಿತವಾಗಿ ಬದಲಾವಣೆ ಸೂಚಿಸುವುದು ಭಾಷೆ ಮತ್ತು ಚರಿತ್ರೆಗಳನ್ನು ಓದುವವರು ಮಾಡಬಹುದಾದ ಕೆಲಸ. ಹೊಸ ಆವೃತ್ತಿಗಳು ಬಂದಂತೆಲ್ಲ ಹೊಸ ವಾಕ್ಯಗಳು ಸೇರುತ್ತಲೇ ಇರುತ್ತವೆ. ಅನುವಾದ ಮಾಡುವವರಿಲ್ಲದಾಗ ಕನ್ನಡದ ನಡುವೆ ಇಂಗ್ಲಿಷ್ ತೇಪೆಗಳು ಕಾಣಿಸಿಕೊಳ್ಳುತ್ತವೆ. ಕೆಲಸ ನಿಂತರೆ ಇದ್ದದ್ದೂ ಉಳಿಯುವುದಿಲ್ಲವೆಂಬುದನ್ನು ಮನಗಾಣಬೇಕು.

6. ನಾಲ್ಕು ಊರುಗಳು

ಹಾಸನದಲ್ಲಿ 1960ರಲ್ಲಿ ಸ್ಥಾಪನೆಯಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜೂ, ಅನಂತರ ಬಂದ ಇತರ ತಾಂತ್ರಿಕ ವಿದ್ಯಾಲಯಗಳೂ ಇವೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮೇಲೆ ಹೇಳಿದ ಎರಡು ಬಗೆಯ ಕೆಲಸಗಳಲ್ಲಿ ಒಂದಕ್ಕೆ ಮೊದಲಿನವು, ಇನ್ನೊಂದಕ್ಕೆ ಎರಡನೆಯವು ಸಹಜವಾಗಿ ಒದಗುತ್ತವೆ. ಎರಡೂ ಕೂಡಿದರೆ ಇನ್ನೂ ಒಳ್ಳೆಯದು. ಕನ್ನಡ ಎಂ.ಎ. ಓದುವವಳು ಗುರುತಿಸಿದ ಅಕ್ಷರದೋಷವನ್ನು ಇಂಜಿನಿಯರಿಂಗ್ ವಿದ್ಯಾರ್ಥಿ ತಿದ್ದಬಲ್ಲನು.

ದೂರದ ಪ್ರಶ್ನೆ ಪೂರ್ತಿಯಾಗಿ ಇಲ್ಲವಾಗಿಲ್ಲ. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ, 2005ರಿಂದ 2012ರವರೆಗೆ ಫಾಸ್.ಇನ್ ಎಂಬ ಹೆಸರಿನಲ್ಲಿ, ಅತುಲ್ ಚಿಟ್ನಿಸ್ ಅವರ ಮುಂದಾಳುತನದಲ್ಲಿ ನಡೆದ ಸಮಾವೇಶಗಳು ಅನೇಕರಿಗೆ ಪ್ರವೇಶದ್ವಾರವಾದವು; ಬಳಸುವವರಾಗಿ ಉಳಿಯದೆ ಕೊಡುವವರಾಗಬೇಕೆಂಬ ಒತ್ತಾಯ ಅಲ್ಲಿ ಕೇಳಿಬಂದಿತು. ಡೆಬಿಯನ್ನಿನ ಜಾಗತಿಕ ಸಮ್ಮೇಳನ 2023ರಲ್ಲಿ ಕೊಚ್ಚಿಯಲ್ಲಿಯೇ ನಡೆಯಿತು. ಡೆಬಿಯನ್ನಿನಲ್ಲಿ ಹೊಸಬರಿಗೆಂದು ಗುರುತುಹಾಕಿದ ಚಿಕ್ಕ ದೋಷಗಳ ಪಟ್ಟಿ ಮನೆಯಿಂದಲೇ ದೊರೆಯುತ್ತದೆ. ಆದರೆ ಪೂರ್ಣ ಸದಸ್ಯತ್ವ ಬಯಸುವವರು, ಈಗಾಗಲೇ ಸದಸ್ಯರಾಗಿರುವವರನ್ನು ಮುಖತಃ ಕಂಡು, ತಮ್ಮ ಗುರುತಿಗೆ ಅವರ ಸಹಿ ಪಡೆಯುವುದು ಸಾಮಾನ್ಯ ಪದ್ಧತಿ. ಚನ್ನರಾಯಪಟ್ಟಣದ ಮೂಲಕ ಹಾಸನಕ್ಕೂ ಬೆಂಗಳೂರಿಗೂ 2017ರಲ್ಲಿ ನೇರ ರೈಲುಮಾರ್ಗ ತೆರೆಯಿತು. ಹೊಳೆನರಸೀಪುರ ಮೈಸೂರಿನ ರೈಲುದಾರಿಯಲ್ಲಿದೆ. ಅರಕಲಗೂಡಿಗೆ ಬಸ್ಸೇ ಗತಿ. ಆದ್ದರಿಂದ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಅಂತಹ ಅನುಭವಿಗಳನ್ನು ಜಿಲ್ಲೆಗೇ ಬರಮಾಡಿಕೊಳ್ಳುವುದು ಯುಕ್ತ.

ವಿದ್ಯಾರ್ಥಿವೇತನದ ದಾರಿ ಹುಡುಕುವವರಿಗೆ 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್, 2015ರಿಂದ ಔಟ್‌ರೀಚಿ ಎಂಬ ಹೆಸರು ಪಡೆದ ಯೋಜನೆ ಮುಂತಾದುವಿವೆ. ಎರಡರಲ್ಲಿಯೂ ಮುಂಚಿತವಾಗಿ ಮಾಡಿದ ಚಿಕ್ಕ ಕೊಡುಗೆಗಳಿಗೆ ಬೆಲೆಯುಂಟು. ಅರ್ಜಿಯ ಕಾಲ ಬಂದಾಗ ಆರಂಭಿಸುವವರಿಗಿಂತ, ಹಿಂದಿನ ಆರು ತಿಂಗಳಿಂದ ಆ ಬಳಗದ ಮಾತುಕತೆಯನ್ನು ಓದುತ್ತ, ಒಂದೆರಡು ದೋಷಗಳನ್ನು ತಿದ್ದಿದವರಿಗೆ ಅನುಕೂಲ ಹೆಚ್ಚು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ವಿದ್ಯಾರ್ಥಿಗಳು ಕರ್ತೃಗಳಾದದ್ದು ಅವರ ಪ್ರತಿಭೆಯೊಂದರಿಂದಲೇ ಅಲ್ಲ. ಓದಲು ಪಾಠ ತೆರೆದಿತ್ತು, ತಿದ್ದಲು ಅನುಮತಿಯಿತ್ತು, ತಿದ್ದಿದ್ದನ್ನು ಪರೀಕ್ಷಿಸಿ ಸ್ವೀಕರಿಸುವ ಹಿರಿಯರಿದ್ದರು. 1979ರಲ್ಲಿ ಈ ಮೂರರಲ್ಲಿ ಮೊದಲನೆಯದು ತಪ್ಪಿದಾಗ ಅದನ್ನು ಮತ್ತೆ ಕಟ್ಟಲು ಹನ್ನೆರಡು ವರ್ಷ ಬೇಕಾಯಿತು. ಇಂದು ಮೊದಲ ಎರಡು ಹಾಸನದ ವಿದ್ಯಾರ್ಥಿಗೂ ಹೆಲ್ಸಿಂಕಿಯ ವಿದ್ಯಾರ್ಥಿಗೂ ಸಮಾನವಾಗಿ ದೊರೆತಿವೆ. ಮೂರನೆಯದರ ಒಂದು ಭಾಗವನ್ನು, ಅಂದರೆ ಮೊದಲ ಕರಡನ್ನು ಓದಿ ತಿದ್ದಿಕೊಡುವ ಹಿರಿತನವನ್ನು, ನಮ್ಮ ಕಾಲೇಜುಗಳ ಅಧ್ಯಾಪಕವರ್ಗವೇ ಒದಗಿಸಬೇಕಾಗಿದೆ. ಆಪರೇಟಿಂಗ್ ಸಿಸ್ಟಮನ್ನು ಪರೀಕ್ಷೆಗಾಗಿ ಓದಿ ಮರೆಯುವ ವಿಷಯವಾಗಿ ಬೋಧಿಸುವಷ್ಟು ಕಾಲ, ಅನ್ಯರು ಕಟ್ಟಿದ ಮಂಟಪದಲ್ಲಿ ನೆರಳಿಗೆ ಕುಳಿತವರಾಗಿ ನಮ್ಮ ವಿದ್ಯಾರ್ಥಿಗಳು ಉಳಿಯುತ್ತಾರೆ. ಪ್ರತಿಯೊಂದು ಕಾಲೇಜಿನಿಂದ ವರ್ಷಕ್ಕೆ ಒಂದೇ ಒಂದು ದೋಷವರದಿ, ಹತ್ತು ವಾಕ್ಯಗಳ ಅನುವಾದ, ಒಂದು ಸಾಲಿನ ಪ್ಯಾಚ್ ಸ್ವೀಕೃತವಾದರೂ, ಜಗತ್ತಿನ ಆ ದಾಖಲೆಯಲ್ಲಿ ಈ ಸೀಮೆಯ ಹೆಸರುಗಳು ಕಾಲಸಹಿತವಾಗಿ ನಿಲ್ಲುತ್ತವೆ. ಮುಂದಿನ ಚರಿತ್ರಕಾರರಿಗೆ ಅವು ಆಕರವಾಗುತ್ತವೆ.